ಮೊದಲು ನಡಿಗೆ, ಆಮೇಲೆ ಮಾತು: ಪಕ್ಷಿ ಉತ್ಸವದ ಗೋಷ್ಠಿಗಳಲ್ಲಿ ನನ್ನ ಅನುಭವ

ಪಕ್ಷಿ ಉತ್ಸವದಲ್ಲಿ ತಜ್ಞರ ಗೋಷ್ಠಿಗಳ ಹೊಣೆ ನನ್ನ ಪಾಲಿಗೆ ಬಂದು 6 ವರ್ಷಗಳಾದವು. ಮೊದಲ 3 ವರ್ಷ ಸೋತೆ. ನಾಲ್ಕನೆಯ ವರ್ಷ ಹೊಸ ಕ್ರಮವೊಂದನ್ನು ಮುಂದಿಟ್ಟಾಗ ಸಮಿತಿಯ 11 ಸದಸ್ಯರಲ್ಲಿ 8 ಮಂದಿ ‘ಇದು ಆಗುವ ಮಾತಲ್ಲ’ ಎಂದು ಕಡ್ಡಿ ಮುರಿದಂತೆ ಹೇಳಿದರು. ಕಳೆದ ಉತ್ಸವದ ಕೊನೆಯ ದಿನದ ಕೊನೆಯ ಗೋಷ್ಠಿಯಲ್ಲಿಯೂ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತು ಕೇಳಿದರು. ಅದನ್ನು ಕಣ್ಣಾರೆ ಕಂಡ ಮೇಲೆಯೇ ಇದನ್ನು ಬರೆಯಲು ಕುಳಿತೆ.

ಮೊದಲ ವರ್ಷ ನಾನು ಹೆಸರಿಗೆ ಮಾರುಹೋದೆ. ಬಹಳ ಹೆಸರು ಮಾಡಿದ ಒಬ್ಬ ತಜ್ಞರ ಪ್ರಯಾಣ, ವಸತಿ ಮತ್ತು ಗೌರವಧನಕ್ಕೆ ಗೋಷ್ಠಿಗಳ ಒಟ್ಟು ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಾಯಿತು. ಅವರು ಮಧ್ಯಾಹ್ನ ಬಂದರು, ಸುಮಾರು 140 ಸ್ಲೈಡುಗಳನ್ನು ಒಂದೂವರೆ ಗಂಟೆ ತೋರಿಸಿದರು, ಸಂಜೆಗೆ ಹೊರಟುಹೋದರು. ಅವರ ಚಿತ್ರಗಳಲ್ಲಿ ಒಂದೂ ಕಳಪೆಯಾಗಿರಲಿಲ್ಲ, ಆದರೆ ಸಭೆ ಶುರುವಾದಾಗ 200ರಷ್ಟಿದ್ದ ಜನರಲ್ಲಿ ಕೊನೆಗೆ ಉಳಿದವರು 60 ಮಂದಿ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೆರೆ ಸುತ್ತಿ ಬಂದವರನ್ನು ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಕೂರಿಸಿದರೆ ನಿದ್ದೆ ಬಾರದೆ ಇರುತ್ತದೆಯೇ? ಎರಡನೆಯ ವರ್ಷ ನಾಲ್ವರನ್ನು ಒಟ್ಟಿಗೆ ವೇದಿಕೆಗೆ ಕರೆದು ಸಂವಾದ ಏರ್ಪಡಿಸಿದೆ. ಒಬ್ಬರೇ ಮುಕ್ಕಾಲು ಪಾಲು ಸಮಯ ಮಾತನಾಡಿದರು. ಮೂರನೆಯ ವರ್ಷ ಗೋಷ್ಠಿಯನ್ನು ಬಯಲಿಗೆ ಒಯ್ದೆ. ಬಿಸಿಲಿಗೆ ಪರದೆಯ ಮೇಲೆ ಏನೂ ಕಾಣಲಿಲ್ಲ, ಬಾಡಿಗೆಗೆ ತಂದ ಪ್ರೊಜೆಕ್ಟರಿನ ಹಣ ನೀರಿಗೆ ಬಿತ್ತು.

ನಾಲ್ಕನೆಯ ವರ್ಷ ಕ್ರಮವನ್ನೇ ತಿರುಗಿಸಿದೆ. ಭಾಷಣಕಾರರು ಹಿಂದಿನ ದಿನವೇ ಬರಬೇಕು, ಬೆಳಗಿನ ನಡಿಗೆಯಲ್ಲಿ 12 ಮಂದಿಯ ಒಂದು ಗುಂಪನ್ನು ತಾವೇ ಕರೆದೊಯ್ಯಬೇಕು, ಹತ್ತು ಗಂಟೆಗೆ ಅದೇ ಬೆಳಗ್ಗೆ ಕಂಡದ್ದನ್ನು ಹಿಡಿದು 25 ನಿಮಿಷ ಮಾತನಾಡಬೇಕು, 5 ಸ್ಲೈಡಿಗಿಂತ ಹೆಚ್ಚು ತರಬಾರದು ಎಂಬುದು ನನ್ನ ಷರತ್ತು. ನಡಿಗೆಯಲ್ಲಿ ಪ್ರತಿಯೊಬ್ಬರ ಜೇಬಿನಲ್ಲಿಯೂ ಒಂದು ಚೀಟಿ ಮತ್ತು ಪೆನ್ಸಿಲ್ ಇರುತ್ತದೆ. ಪ್ರಶ್ನೆ ಹುಟ್ಟಿದ ಜಾಗದಲ್ಲಿಯೇ ಬರೆದುಕೊಳ್ಳಬೇಕು, ಏಕೆಂದರೆ ಸಭಾಂಗಣಕ್ಕೆ ಬರುವಷ್ಟರಲ್ಲಿ ಒಳ್ಳೆಯ ಪ್ರಶ್ನೆಗಳೇ ಮೊದಲು ಮರೆತುಹೋಗುತ್ತವೆ. ಮಂಜಿಗೆ ಒದ್ದೆಯಾಗಿ ಸುಕ್ಕುಗಟ್ಟಿದ ಒಂದು ಚೀಟಿಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ‘ಒಂಟಿ ಕಾಲಿನಲ್ಲಿ ನಿಂತ ಗೊರವ ಇನ್ನೊಂದು ಕಾಲನ್ನು ಏಕೆ ಮಡಚಿತ್ತು?’ ಎಂದು ಒಬ್ಬ ಶಾಲಾ ಬಾಲಕಿ ಬರೆದದ್ದು. ಗೊರವವೆಂದರೆ ಕೆಸರಿನಲ್ಲಿ ಮೇಯುವ ನೀರುಹಕ್ಕಿ. ಗರಿಯಿಲ್ಲದ ಕಾಲಿನಿಂದ ಸೋರುವ ಶಾಖವನ್ನು ಹಕ್ಕಿ ಹೇಗೆ ಉಳಿಸಿಕೊಳ್ಳುತ್ತದೆ, ಕಾಲಿಗೆ ಇಳಿಯುವ ಬೆಚ್ಚನೆಯ ರಕ್ತ ಮೇಲೇರುವ ತಣ್ಣನೆಯ ರಕ್ತವನ್ನು ಹೇಗೆ ಕಾಯಿಸುತ್ತದೆ ಎಂದು ಅಂದಿನ ಭಾಷಣಕಾರರು ತಮ್ಮ ಎರಡು ಬೆರಳುಗಳನ್ನು ಜೋಡಿಸಿ ತೋರಿಸಿದ 10 ನಿಮಿಷ ಇಡೀ ಉತ್ಸವದಲ್ಲಿಯೇ ಅತ್ಯುತ್ತಮವಾಗಿತ್ತು. ಚೀಟಿಗಳನ್ನು ಭಾಷಣಕಾರರಿಗೆ ಯಾವ ಅನುಕ್ರಮದಲ್ಲಿ ಕೊಡಬೇಕು ಎಂಬುದರಲ್ಲಿ ಒಂದು ಮರ್ಮವಿದೆ. ಅದು ನನಗೆ ಸಿದ್ಧಿಸಲು 2 ವರ್ಷ ಹಿಡಿಯಿತು. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ದೂರದ ವಲಸೆಯಂತಹ ವಿಷಯವನ್ನು ಬೆಳಗಿನ ನಡಿಗೆಗೆ ಹೇಗೆ ಹೊಂದಿಸುವುದು ಎಂದು ಆಕ್ಷೇಪ ಬಂದಿತ್ತು. ಕೆಸರಿನಲ್ಲಿ ಗೊರವಗಳನ್ನು ಕಂಡು ಬಂದ ದಿನ ಭಾಷಣಕಾರರೊಬ್ಬರು ಒಂದೇ ಒಂದು ಹಕ್ಕಿಯ ಕಥೆ ಹೇಳಿದರು. 2022ರಲ್ಲಿ ಅಲಾಸ್ಕಾದಿಂದ ಟ್ಯಾಸ್ಮೇನಿಯಾಕ್ಕೆ ಎಲ್ಲಿಯೂ ಇಳಿಯದೆ 11 ದಿನ, ಸುಮಾರು 13,560 ಕಿಲೋಮೀಟರ್ ಹಾರಿದ, ಗೊರವಗಳ ಬಳಗದ ಬಾರ್ ಟೈಲ್ಡ್ ಗಾಡ್‌ವಿಟ್ ಅದು. ವಯಸ್ಸು 5 ತಿಂಗಳ ಆಸುಪಾಸು. ಈ ಜಾತಿಯ ಹಕ್ಕಿಗಳು ಹೊರಡುವ ಮುನ್ನ ಕೊಬ್ಬು ತುಂಬಿಕೊಂಡು ಜಠರ, ಕರುಳುಗಳನ್ನು ಕುಗ್ಗಿಸಿಕೊಳ್ಳುತ್ತವೆ ಎಂದಾಗ, ಬೆಳಗ್ಗೆ ಅದೇ ಬಳಗದ ಹಕ್ಕಿಗಳು ಬಿಡುವಿಲ್ಲದೆ ಕೆಸರು ಕುಕ್ಕುತ್ತಿದ್ದುದನ್ನು ನೋಡಿದ್ದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಹಣದ ವಿಚಾರದಲ್ಲಿಯೇ ಸಮಿತಿಗೆ ಹೆಚ್ಚು ಅನುಮಾನವಿತ್ತು. ತಜ್ಞರು ಒಂದು ರಾತ್ರಿಯ ಬದಲು ಮೂರು ರಾತ್ರಿ ಉಳಿದರೆ ವಸತಿಯ ಖರ್ಚು ಮೂರು ಪಟ್ಟಾಗುವುದು ನಿಜ. ಆದರೆ 9 ಮಂದಿಯ ಬದಲು 4 ಮಂದಿಯನ್ನೇ ಕರೆದು, ಪ್ರತಿಯೊಬ್ಬರಿಂದಲೂ ಮೂರು ನಡಿಗೆ ಮತ್ತು ಮೂರು ಮಾತು ಪಡೆದಾಗ ಪ್ರಯಾಣ ವೆಚ್ಚ ಅರ್ಧಕ್ಕೂ ಕೆಳಗಿಳಿಯಿತು. ಉತ್ಸವದ ಒಟ್ಟು ಖರ್ಚಿನಲ್ಲಿ ಭಾಷಣಕಾರರ ಪಾಲು, ನನ್ನ ನೆನಪಿನಂತೆ, ನೂರಕ್ಕೆ 45ರಿಂದ 30ರ ಹತ್ತಿರಕ್ಕೆ ಬಂದಿತು. ಉಳಿದ ಹಣದಿಂದ ಸ್ಥಳೀಯ ಮಾರ್ಗದರ್ಶಕರಿಗೂ ಗೌರವಧನ ಕೊಟ್ಟೆವು. ಹಕ್ಕಿ ಯಾವ ಕೊಂಬೆಯ ಮೇಲೆ ಕೂರುತ್ತದೆ ಎಂದು ತೋರಿಸಿದವರಿಗೆ ಬರಿಯ ಧನ್ಯವಾದ ಹೇಳಿ ಕಳಿಸುತ್ತಿದ್ದುದು ನನ್ನ ಮನಸ್ಸನ್ನು ಬಹಳ ದಿನ ಕೊರೆದಿತ್ತು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ವಯಸ್ಸಾದಂತೆ ಕಿವಿಗೆ ಮೊದಲು ಕೇಳಿಸದಾಗುವುದು ಎತ್ತರದ ಸ್ವರಗಳು. ಆದ್ದರಿಂದ ಎತ್ತರದ ಸ್ವರದಲ್ಲಿ ಕೂಗುವ ಸಣ್ಣ ಉಲಿಯಕ್ಕಿಗಳ ನಡಿಗೆಗೆ ಹಿರಿಯ ತಜ್ಞರ ಜೊತೆ ಚುರುಕು ಕಿವಿಯ ಯುವಕರೊಬ್ಬರನ್ನು ಜೋಡಿ ಮಾಡಿದೆ. ಯುವಕರು ಕೂಗು ಬಂದ ದಿಕ್ಕನ್ನು ತೋರಿಸಿದರು, ಹಿರಿಯರು ಹಕ್ಕಿಯನ್ನು ಗುರುತಿಸಿದರು. ಆ ಗುಂಪಿನ ಪಟ್ಟಿಯಲ್ಲಿ ಉಳಿದ ಗುಂಪುಗಳಿಗಿಂತ 6 ಜಾತಿ ಹೆಚ್ಚಿದ್ದವು. ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಹತ್ತಿರ ಕರೆಯುವುದನ್ನು ಮಾತ್ರ ಯಾರಿಗೂ, ಎಷ್ಟೇ ದೊಡ್ಡ ತಜ್ಞರಿಗೂ, ನಾನು ಬಿಟ್ಟುಕೊಟ್ಟಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಎದುರಾಳಿ ಬಂದನೆಂದು ಹಕ್ಕಿ ಮರಿಗಳನ್ನು ಬಿಟ್ಟು ಹೊಡೆದಾಟಕ್ಕೆ ಬರುತ್ತದೆ. ಈ ಕಾರಣಕ್ಕೆ ಒಬ್ಬರು ಕೋಪಿಸಿಕೊಂಡು ಆಹ್ವಾನವನ್ನೇ ತಿರಸ್ಕರಿಸಿದರು. ಅವರ ಜಾಗಕ್ಕೆ ಬಂದ ಸಂಶೋಧಕಿಯೊಬ್ಬರು ರಾತ್ರಿ, ನಿಶಾಚರಿ ಹಕ್ಕಿಗಳಾದ ನತ್ತಿಂಗಗಳ ಬಗ್ಗೆ ಸ್ಲೈಡಿಲ್ಲದೆ, ದೀಪವಿಲ್ಲದೆ, ಬಯಲಿನಲ್ಲಿಯೇ ಕುಳಿತು ಮಾತನಾಡಿದರು. ಮಾತಿನ ನಡುವೆ ಪೊದೆಯಾಚೆಯಿಂದ ನತ್ತಿಂಗವೇ ಕೂಗಿದಾಗ ಅವರು ಅರ್ಧಕ್ಕೆ ನಿಲ್ಲಿಸಿದರು. ಎಪ್ಪತ್ತಕ್ಕೂ ಹೆಚ್ಚು ಜನ ಉಸಿರು ಬಿಗಿಹಿಡಿದು ಕೇಳಿದರು.

ಈ ಬಾರಿ ಅವರನ್ನೇ ಮತ್ತೆ ಕರೆದಿದ್ದೇನೆ. ಅಮಾವಾಸ್ಯೆಯ ಬದಲು ಬೆಳದಿಂಗಳ ರಾತ್ರಿ ಬೇಕೆಂದು ಅವರು ಕೇಳಿರುವುದರಿಂದ ಉತ್ಸವದ ದಿನಾಂಕವನ್ನು ಒಂದು ವಾರ ಮುಂದಕ್ಕೆ ಹಾಕಲು ಸಮಿತಿ ಒಪ್ಪಿದೆ. ಕೈ ಎತ್ತಿದವರಲ್ಲಿ ಅಂದು ಬೇಡವೆಂದ 8 ಮಂದಿಯೂ ಇದ್ದರು.