ಕೈ ತುಂಬ ಸಾಮಾನು, ಮೆಟ್ರೊ ಪ್ರಯಾಣ: ಕಲಬುರಗಿ, ಬೀದರ್, ಯಾದಗಿರಿಯಿಂದ ಯುರೋಪಿಗೆ ಹೋಗುವ ಕುಟುಂಬಗಳಿಗೆ

ಬಾಡಿಗೆ ಮನೆ, ಶಾಲೆ, ಬ್ಯಾಂಕ್ ಖಾತೆಗಳ ವಿಷಯಕ್ಕೆ ನಮ್ಮ ಸಂಘದ ಈ ಮಾರ್ಗದರ್ಶಿಯಲ್ಲಿ ಬೇರೆ ಭಾಗಗಳಿವೆ. ಈ ಭಾಗ ವಿಮಾನ ನಿಲ್ದಾಣದಿಂದ ಹೊಸ ಮನೆಯ ಬಾಗಿಲವರೆಗಿನ ಒಂದೆರಡು ಗಂಟೆಗಳ ಪ್ರಯಾಣದಲ್ಲಿ ಕಿಸೆಗಳ್ಳರಿಂದ ಪಾರಾಗುವುದಕ್ಕೆ ಸಂಬಂಧಿಸಿದ್ದು. ಇದನ್ನು ಊರಿನಲ್ಲಿರುವಾಗಲೇ ಓದಿ. ಇಲ್ಲಿ ಹೇಳಿರುವ ಕೆಲಸಗಳಲ್ಲಿ ಹೆಚ್ಚಿನವು ಪೆಟ್ಟಿಗೆ ಕಟ್ಟುವ ಹೊತ್ತಿನಲ್ಲೇ ಆಗಬೇಕಾದವು.

ನಮ್ಮ ಭಾಗದವರಿಗೆ ಕಿಸೆಗಳ್ಳರು ಹೊಸಬರೇನಲ್ಲ. ಶರಣಬಸವೇಶ್ವರರ ಜಾತ್ರೆಯಲ್ಲಿ, ಬಂದೇ ನವಾಜರ ಉರುಸಿನಲ್ಲಿ, ಬಸ್ಸಿನ ಬಾಗಿಲಿಗೆ ಮುಗಿಬೀಳುವ ಗುಂಪಿನಲ್ಲಿ ಕಿಸೆಯ ಮೇಲೆ ಕೈ ಇಟ್ಟುಕೊಂಡೇ ಬೆಳೆದಿದ್ದೇವೆ. ಆದರೆ ಜಾತ್ರೆಗೆ ಹೋಗುವಾಗ ಎರಡೂ ಕೈಗಳಲ್ಲಿ ಪೆಟ್ಟಿಗೆ ಇರುವುದಿಲ್ಲ, ಕಿಸೆಯಲ್ಲಿ ಪಾಸ್‌ಪೋರ್ಟ್ ಇರುವುದಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು, ಮಕ್ಕಳನ್ನು ಸಂಭಾಳಿಸುತ್ತ, ತಿಳಿಯದ ಭಾಷೆಯ ಫಲಕಗಳನ್ನು ಓದಲು ಕತ್ತೆತ್ತಿ ನಿಂತಿರುವುದೂ ಇಲ್ಲ. ಯುರೋಪಿನ ದೊಡ್ಡ ನಿಲ್ದಾಣಗಳಲ್ಲಿ ಕಳ್ಳರು ಕಾಯುವುದು ಈ ಸ್ಥಿತಿಯಲ್ಲಿರುವ ಮನುಷ್ಯನಿಗಾಗಿಯೇ. ಆದ್ದರಿಂದ ನಮ್ಮ ಸಲಹೆಗಳೆಲ್ಲ ಒಂದೇ ಗುರಿಗೆ ಬರುತ್ತವೆ: ಮನೆ ಮುಟ್ಟುವವರೆಗೆ ಪ್ರತಿಯೊಬ್ಬ ದೊಡ್ಡವರಿಗೂ ಒಂದು ಕೈ ಖಾಲಿ ಇರಬೇಕು, ಮತ್ತು ಯಾವ ಒಂದು ಚೀಲ ಹೋದರೂ ಇಡೀ ಕುಟುಂಬ ನಡುಬೀದಿಯಲ್ಲಿ ನಿಲ್ಲುವಂತಾಗಬಾರದು.

ಸಾಮಾನು ಕಟ್ಟುವಾಗ

ವಿಮಾನದವರು ಎಷ್ಟು ತೂಕ ಬಿಡುತ್ತಾರೋ ಅಷ್ಟನ್ನೂ ತುಂಬುವುದು ನಮ್ಮೆಲ್ಲರ ರೂಢಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಸಾಲೆ ಖಾರ ಹೋಗಲಿ. ಅವಿಲ್ಲದೆ ಮೊದಲ ತಿಂಗಳು ಕಷ್ಟ. ತೊಗರಿಬೇಳೆ ಮಾತ್ರ ಅಲ್ಲಿನ ಭಾರತೀಯ ಅಂಗಡಿಗಳಲ್ಲೂ ಸಿಗುತ್ತದೆ. ಕಲಬುರಗಿಯ ಬೇಳೆಯ ರುಚಿ ಅದಕ್ಕಿಲ್ಲ, ನಿಜ. ಆದರೂ ಐದು ಕಿಲೋ ಬೇಳೆಗಾಗಿ ಇನ್ನೊಂದು ಪೆಟ್ಟಿಗೆ ಎಳೆಯಬೇಡಿ. ತುಪ್ಪ, ಪೇಢೆಯಂಥ ಹಾಲಿನ ಪದಾರ್ಥಗಳನ್ನು ಹೊರಗಿನ ದೇಶಗಳಿಂದ ಐರೋಪ್ಯ ಒಕ್ಕೂಟದೊಳಗೆ ತರಲು ಅನುಮತಿಯೇ ಇಲ್ಲ. ಸುಂಕದವರು ತೆಗೆದು ಎಸೆಯುತ್ತಾರೆ.

ಎಲ್ಲ ಕಟ್ಟಿ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಇಡೀ ಕುಟುಂಬ, ಎಲ್ಲ ಸಾಮಾನಿನೊಂದಿಗೆ, ಕಲಬುರಗಿ ಅಥವಾ ಯಾದಗಿರಿ ರೈಲು ನಿಲ್ದಾಣದ ಮೇಲ್ಸೇತುವೆ ಹತ್ತಿ ಇಳಿಯಿರಿ. ಕೂಲಿಯ ಸಹಾಯ ಬೇಡ, ಪರಿಚಯದ ಹುಡುಗರ ಸಹಾಯವೂ ಬೇಡ. ನಡುವೆ ನಿಂತು ಫೋನ್ ತೆಗೆಯಲು ಒಂದು ಕೈ ಬಿಡುವಾಗಿದೆಯೇ? ಮಗುವಿನ ಕೈ ಹಿಡಿಯಲು ಆಗುತ್ತಿದೆಯೇ? ಆಗುತ್ತಿಲ್ಲವೆಂದರೆ ಒಂದು ಪೆಟ್ಟಿಗೆ ಕಡಿಮೆ ಮಾಡಿ. ಪ್ಯಾರಿಸ್ಸಿನ ಎಷ್ಟೋ ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ, ಮೆಟ್ಟಿಲುಗಳೇ ಗತಿ. ಲಂಡನ್ನಿನ ಹಳೆಯ ನಿಲ್ದಾಣಗಳಲ್ಲೂ ಹಾಗೆಯೇ.

ಇನ್ನು ಕಾಗದಪತ್ರ. ನಮ್ಮ ಮನೆಗಳಲ್ಲಿ ಎಲ್ಲರ ಪಾಸ್‌ಪೋರ್ಟ್, ದುಡ್ಡು, ಒಡವೆ ಒಂದೇ ಚೀಲದಲ್ಲಿ ಹಾಕಿ ಆ ಚೀಲವನ್ನು ಮನೆಯ ಹಿರಿಯರೊಬ್ಬರ ಹೆಗಲಿಗೆ ಹಾಕುತ್ತಾರೆ. ಅದನ್ನು ಜೋಪಾನ ಮಾಡುವುದೇ ಅವರ ಕೆಲಸ. ಊರಿನಲ್ಲಿ ಇದು ನಡೆಯುತ್ತದೆ, ಅಲ್ಲಿ ಇದೇ ದೊಡ್ಡ ಅಪಾಯ. ಎಲ್ಲರೂ ಮತ್ತೆ ಮತ್ತೆ ನೋಡುವ, ಮುಟ್ಟಿ ಮುಟ್ಟಿ ಪರೀಕ್ಷಿಸುವ ಚೀಲ ಯಾವುದೆಂದು ಕಳ್ಳನಿಗೆ ಅರೆಕ್ಷಣದಲ್ಲಿ ಗೊತ್ತಾಗುತ್ತದೆ. ಪಾಸ್‌ಪೋರ್ಟ್‌ಗಳನ್ನು ಹಂಚಿಕೊಳ್ಳಿ: ತಂದೆಯದು ತಂದೆಯ ಬಳಿ, ತಾಯಿಯದು ತಾಯಿಯ ಬಳಿ, ಮಕ್ಕಳದು ತಂದೆ ತಾಯಿ ಇಬ್ಬರ ಬಳಿ ಒಂದೊಂದು. ಅವು ಇರಬೇಕಾದದ್ದು ಉಡುಪಿನ ಒಳಗೆ. ಹೊರಡುವ ಮುನ್ನ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಯಾವ ದರ್ಜಿಗೆ ಹೇಳಿದರೂ ಪ್ಯಾಂಟಿಗೆ, ಬನಿಯನ್ನಿಗೆ ಜಿಪ್ ಇರುವ ಒಳಗಿಸೆ ಹೊಲಿದು ಕೊಡುತ್ತಾರೆ. ಸೀರೆ ಉಡುವವರು ಸೀರೆಯ ಒಳಗೆ ಸೊಂಟಕ್ಕೆ ಕಟ್ಟುವ ತೆಳು ಚೀಲ ಬಳಸಬಹುದು. ಅಜ್ಜಿಯರು ಎಲೆಅಡಿಕೆಯ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಜಾಗವೇ ಇದಕ್ಕೂ ಸರಿ. ಪಾಸ್‌ಪೋರ್ಟ್ ಮತ್ತು ವೀಸಾದ ಜೆರಾಕ್ಸ್ ಪ್ರತಿಗಳು ದೊಡ್ಡ ಪೆಟ್ಟಿಗೆಯಲ್ಲಿರಲಿ. ಅವುಗಳ ಚಿತ್ರಗಳು ನಿಮ್ಮ ಇಮೇಲಿನಲ್ಲೂ ಊರಿನಲ್ಲಿರುವ ಒಬ್ಬ ಸಂಬಂಧಿಕರ ಬಳಿಯೂ ಇರಲಿ.

ಬೋರಮಾಳ, ಪಾಟಲಿಗಳನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ಹೋಗಿ. ಹೊಸ ಸೊಸೆ ಬರಿಗೊರಳಲ್ಲಿ ಹೋಗಬಾರದು ಎಂಬ ಮಾತು ಮನೆಯಲ್ಲಿ ಬರುತ್ತದೆ. ಮಂಗಳಸೂತ್ರವನ್ನು ಕುಪ್ಪಸದ ಒಳಗೆ ಹಾಕಿಕೊಂಡು ಮೇಲೆ ಶಾಲು ಹೊದ್ದರೆ ಸಾಕು, ಅದರಿಂದ ಶಾಸ್ತ್ರಕ್ಕೆ ಚ್ಯುತಿಯೇನೂ ಬರುವುದಿಲ್ಲ. ಇಷ್ಟಲಿಂಗ ಧರಿಸುವವರು ಬೆಳ್ಳಿಯ ಕರಡಿಗೆಯನ್ನು ಮನೆಯಲ್ಲಿಟ್ಟು, ಪ್ರಯಾಣದಲ್ಲಿ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಅಂಗಿಯ ಒಳಗೆ ಧರಿಸಿದರೆ ಒಳ್ಳೆಯದು. ಕಳ್ಳನ ಕಣ್ಣಿಗೆ ಅದು ಬರೀ ಬೆಳ್ಳಿ.

ಫೋನಿನಲ್ಲಿ *#06# ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಕಾಣುತ್ತದೆ. ಅದನ್ನೂ ಬ್ಯಾಂಕಿನ ಸಹಾಯವಾಣಿ ಸಂಖ್ಯೆಗಳನ್ನೂ ಮನೆಯವರ ಸಂಖ್ಯೆಗಳನ್ನೂ ಕಾಗದದ ಮೇಲೆ ಬರೆದು ಇಬ್ಬರ ಒಳಗಿಸೆಯಲ್ಲಿಡಿ. ಫೋನೇ ಹೋದ ಮೇಲೆ ಅದರಲ್ಲಿದ್ದ ಸಂಖ್ಯೆಗಳಿಂದ ಪ್ರಯೋಜನವಿಲ್ಲ. ಸಿಮ್‌ಗೆ ಪಿನ್ ಹಾಕಿ. ಇಲ್ಲದಿದ್ದರೆ ಕಳ್ಳ ಅದನ್ನು ತನ್ನ ಫೋನಿಗೆ ಹಾಕಿಕೊಂಡು ನಿಮ್ಮ ಬ್ಯಾಂಕಿನ ಒಟಿಪಿಗಳನ್ನು ಓದಬಲ್ಲ. ಕಾರ್ಡುಗಳ ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯುವಾಗ ದಿನದ ಮಿತಿಯನ್ನು ಸಣ್ಣದಾಗಿಯೇ ಇಡಿ. ಎರಡು ಕಾರ್ಡುಗಳಿದ್ದರೆ ಇಬ್ಬರ ಬಳಿ ಒಂದೊಂದು.

ಕೈಚಳಕ ನಡೆಯುವ ಜಾಗಗಳು

ಟಿಕೆಟ್ ಯಂತ್ರದ ಮುಂದೆ ಹೊಸಬರು ತಡವರಿಸುತ್ತಾರೆ. ಆಗ ಒಬ್ಬ ಸಭ್ಯ ಯುವಕ ಬಂದು, ಇಂಗ್ಲಿಷಿನಲ್ಲಿ ಮಾತನಾಡಿಸಿ, ಗುಂಡಿ ಒತ್ತಿ ಸಹಾಯ ಮಾಡುತ್ತಾನೆ. ನೀವು ಪರ್ಸ್ ಎಲ್ಲಿಂದ ತೆಗೆಯುತ್ತೀರಿ, ಪಿನ್ ಏನು ಒತ್ತುತ್ತೀರಿ ಎಂಬುದೆಲ್ಲ ಅವನ ಕಣ್ಣಿಗೆ ಬೀಳುತ್ತದೆ. ಪಿನ್ ಕಂಡ ಮೇಲೆ ಕಾರ್ಡ್ ಎತ್ತುವುದೊಂದೇ ಅವನಿಗೆ ಉಳಿದ ಕೆಲಸ. ಸಾಧ್ಯವಾದರೆ ಟಿಕೆಟನ್ನು ಫೋನಿನಲ್ಲೇ ಮೊದಲೇ ಕೊಳ್ಳಿ. ಯಂತ್ರವೇ ಗತಿಯಾದರೆ ಒಬ್ಬರು ಯಂತ್ರದ ಮುಂದೆ, ಇನ್ನೊಬ್ಬರು ಸಾಮಾನಿಗೆ ಬೆನ್ನು ಕೊಡದೆ ಅದರ ಎದುರು ನಿಲ್ಲಬೇಕು. ಸಹಾಯ ಬೇಕೆನಿಸಿದರೆ ಸಮವಸ್ತ್ರದ ಸಿಬ್ಬಂದಿಯನ್ನು ನೀವಾಗಿಯೇ ಹುಡುಕಿ ಕೇಳಿ. ತಾನಾಗಿ ಬಂದವರಿಗೆ ನಗುತ್ತಲೇ ಬೇಡವೆನ್ನಿ.

ಒಳಹೋಗುವ ಗೇಟಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಾಗ ಹಿಂದಿನಿಂದ ಒಬ್ಬ ನಿಮ್ಮ ಮೈಗೆ ಅಂಟಿಕೊಂಡೇ ದಾಟುತ್ತಾನೆ. ಟಿಕೆಟ್ ಉಳಿಸಲು ಬಂದವನಿರಬಹುದು, ಕಿಸೆಗೆ ಬಂದವನೂ ಇರಬಹುದು. ಪೆಟ್ಟಿಗೆಯವರಿಗಾಗಿ ಬದಿಯಲ್ಲಿ ಅಗಲವಾದ ಗೇಟು ಇರುತ್ತದೆ, ಅದನ್ನೇ ಬಳಸಿ. ಎಸ್ಕಲೇಟರಿನ ಆಟ ಬೇರೆ: ಮುಂದಿನವನು ಕೊನೆಯಲ್ಲಿ ಏನೋ ಬಿದ್ದಂತೆ ಬಗ್ಗಿ ನಿಲ್ಲುತ್ತಾನೆ, ನೀವು ಅವನಿಗೆ ಡಿಕ್ಕಿ ಹೊಡೆಯುತ್ತೀರಿ, ಹಿಂದಿನವನು ನಿಮ್ಮ ಬೆನ್ನಿನ ಚೀಲದ ಜಿಪ್ ತೆರೆಯುತ್ತಾನೆ. ಬೆನ್ನಿನ ಚೀಲವನ್ನು ನಿಲ್ದಾಣದೊಳಗೆ ಎದೆಯ ಮೇಲೆ ಹಾಕಿಕೊಳ್ಳಿ. ಅಲ್ಲಿನ ಜನರೂ ಹಾಗೆ ಹಾಕಿಕೊಳ್ಳುತ್ತಾರೆ, ನಾಚಿಕೆ ಬೇಡ. ಮೆಟ್ಟಿಲ ಬುಡದಲ್ಲಿ ಪೆಟ್ಟಿಗೆ ಎತ್ತಿಕೊಡಲು ಬರುವವರಲ್ಲಿ ನಿಜವಾದ ಒಳ್ಳೆಯವರೇ ಹೆಚ್ಚು. ಆದರೂ ಒಬ್ಬ ಪೆಟ್ಟಿಗೆ ಎತ್ತಿದಾಗ ಇನ್ನೊಬ್ಬ ನಿಮ್ಮ ಪಕ್ಕಕ್ಕೆ ಬಂದರೆ ಪೆಟ್ಟಿಗೆ ಕೆಳಗಿಡಿಸಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ರೈಲಿನ ಬಾಗಿಲಲ್ಲಿ. ಹತ್ತುವಾಗ ಬಾಗಿಲ ಬಳಿ ನಾಲ್ಕೈದು ಜನ ಸುಮ್ಮನೆ ದಟ್ಟಣೆ ಮಾಡುತ್ತಾರೆ. ಒಳಗೆ ಜಾಗ ಖಾಲಿಯಿದ್ದರೂ ಬಾಗಿಲಲ್ಲೇ ತಳ್ಳಾಟ. ಅಂಥ ಬಾಗಿಲು ಕಂಡರೆ ಆ ರೈಲನ್ನು ಬಿಟ್ಟುಬಿಡಿ. ಕೆಲವೇ ನಿಮಿಷಗಳಲ್ಲಿ ಇನ್ನೊಂದು ಬರುತ್ತದೆ. ಬಸ್ ತಪ್ಪಿದರೆ ಗಂಟೆಗಟ್ಟಲೆ ಕಾಯುವ ಊರುಗಳಿಂದ ಬಂದ ನಮಗೆ ಇದು ಕಷ್ಟವೆನಿಸುತ್ತದೆ, ಆದರೂ ರೂಢಿಸಿಕೊಳ್ಳಲೇಬೇಕು. ಹತ್ತಿದ ಮೇಲೆ ಬಾಗಿಲ ಪಕ್ಕದ ಆಸನದಲ್ಲಿ ಕುಳಿತು ಫೋನ್ ನೋಡಬೇಡಿ, ಮಕ್ಕಳ ಕೈಗೂ ಫೋನ್ ಕೊಡಬೇಡಿ. ಬಾಗಿಲು ಮುಚ್ಚುವ ಗಂಟೆ ಹೊಡೆದಾಗ ಫೋನ್ ಕಿತ್ತುಕೊಂಡು ಹೊರಗೆ ಹಾರುತ್ತಾರೆ. ಬಾಗಿಲು ಮುಚ್ಚಿ, ರೈಲು ನಿಮ್ಮನ್ನು ಹೊತ್ತು ಮುಂದೆ ಹೋಗಿರುತ್ತದೆ.

ದೂರದ ರೈಲುಗಳಲ್ಲಿ ಸಾಮಾನಿನ ಹಲಗೆ ಬಾಗಿಲ ಬಳಿಯೇ ಇರುತ್ತದೆ, ನಿಮ್ಮ ಆಸನ ದೂರದಲ್ಲಿರುತ್ತದೆ. ನಡುವಿನ ನಿಲ್ದಾಣದಲ್ಲಿ ಯಾರಾದರೂ ಪೆಟ್ಟಿಗೆ ಎತ್ತಿಕೊಂಡು ಇಳಿದರೆ ಕೇಳುವವರಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಸೀಟಿನ ಕೆಳಗಿನ ಕೊಂಡಿಗೆ ಪೆಟ್ಟಿಗೆಯನ್ನು ಬಿಗಿಯುವ ಸರಪಳಿ, ಬೀಗ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನೇ ಒಯ್ಯಿರಿ. ಎರಡು ಪೆಟ್ಟಿಗೆಗಳನ್ನು ಒಂದಕ್ಕೊಂದು ಬಿಗಿದರೂ ಸಾಕು, ಅಷ್ಟು ಭಾರವನ್ನು ಯಾರೂ ಓಡುತ್ತ ಹೊರಲಾರರು. ರೈಲು ನಿಂತಾಗಲೆಲ್ಲ ಒಬ್ಬರು ಎದ್ದು ಹಲಗೆಯ ಬಳಿ ನಿಲ್ಲಿ. ಆ ಹೊತ್ತಿಗೇ ಯಾರಾದರೂ ಹೊರಗಿನಿಂದ ಕಿಟಕಿ ಬಡಿದು ಏನೋ ತೋರಿಸಿದರೆ ಅತ್ತ ನೋಡಬೇಡಿ, ನಿಮ್ಮ ಚೀಲದ ಕಡೆ ನೋಡಿ.

ಅಂಗಿಯ ಮೇಲೆ ಏನೋ ಚೆಲ್ಲಿ ಒರೆಸಲು ಬರುವವರು, ಸಹಿ ಹಾಕಿ ಎಂದು ಹಾಳೆ ಹಿಡಿದು ಬರುವ ಹುಡುಗಿಯರು, ಪೊಲೀಸ್ ಎಂದು ಹೇಳಿಕೊಂಡು ಪರ್ಸ್ ತೋರಿಸಲು ಕೇಳುವವರು, ಇವರ ಬಳಿ ನಿಲ್ಲಬೇಡಿ. ಸಂಶಯ ಬಂದರೆ ಠಾಣೆಗೇ ನಡೆಯೋಣ ಎನ್ನಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಬಣ್ಣ, ಉಡುಪು, ಜನಾಂಗ ನೋಡಿ ಕಳ್ಳನೆಂದು ತೀರ್ಮಾನಿಸಬೇಡಿ. ಅದು ಅನ್ಯಾಯ, ಜೊತೆಗೆ ಅಪಾಯವೂ ಹೌದು: ಬಡವನನ್ನು ದಿಟ್ಟಿಸುತ್ತಿರುವಾಗ ಕೋಟು ತೊಟ್ಟು ನಕ್ಷೆ ಹಿಡಿದವನು ಕೆಲಸ ಮುಗಿಸಿರುತ್ತಾನೆ. ವೇಷ ನೋಡಬೇಡಿ, ಅಂತರ ನೋಡಿ. ಜಾಗವಿದ್ದರೂ ಮೈಗೆ ತಾಗಿ ನಿಲ್ಲುವವರಿಂದ ಸರಿದು ನಿಲ್ಲಿ. ಕೈ ಕಿಸೆಗೆ ಬಂತು ಎನಿಸಿದರೆ ಕನ್ನಡದಲ್ಲೇ ಜೋರಾಗಿ ಕೂಗಿ. ಕಳ್ಳನಿಗೆ ಬೇಡವಾದದ್ದು ಜನರ ಗಮನ, ಅದು ಯಾವ ಭಾಷೆಯಲ್ಲಿ ಕೂಗಿದರೂ ಬರುತ್ತದೆ.

ಯಾವ ದಾರಿ, ಯಾವ ಗಾಡಿ

ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದಿಂದ ಊರೊಳಗೆ ಬರುವ ಆರ್‌ಇಆರ್ ಬಿ ರೈಲು, ಅದು ನಿಲ್ಲುವ ಗಾರ್ ದು ನೋರ್ ನಿಲ್ದಾಣ, ರೋಮಿನ ತೆರ್ಮಿನಿ ರೈಲು ನಿಲ್ದಾಣ, ಅಲ್ಲಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ಸಂಖ್ಯೆಯ ಬಸ್, ಬಾರ್ಸಿಲೋನಾದ ಮೆಟ್ರೊ, ಇವೆಲ್ಲ ಕಿಸೆಗಳ್ಳರಿಗೆ ಹೆಸರಾದವು. ರೋಮಿನ ಫ್ಯುಮಿಚಿನೋ ವಿಮಾನ ನಿಲ್ದಾಣದಿಂದ ತೆರ್ಮಿನಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ನಡುವೆ ಎಲ್ಲೂ ನಿಲ್ಲದೆ ಅರ್ಧ ಗಂಟೆಯಲ್ಲಿ ಮುಟ್ಟಿಸುತ್ತದೆ. ನಡುವೆ ಇಳಿದು ಓಡುವ ಅವಕಾಶವಿಲ್ಲದ ಕಾರಣ ಸಾಮಾನು ಇರುವವರಿಗೆ ಅದು ವಾಸಿ, ತೆರ್ಮಿನಿಯಲ್ಲಿ ಇಳಿಯುವಾಗ ಮಾತ್ರ ಎಚ್ಚರ. ಲಂಡನ್ನಿನಲ್ಲಿ ಬೀದಿಯ ಅಂಚಿನಲ್ಲಿ ನಿಂತು ನಕ್ಷೆ ನೋಡುವವರ ಫೋನನ್ನು ಸೈಕಲ್ ಮೇಲೆ ಬಂದು ಕಿತ್ತೊಯ್ಯುತ್ತಾರೆ. ನಿಲ್ದಾಣದ ಒಳಗೇ ದಾರಿ ನೋಡಿಕೊಂಡು ಹೊರಬನ್ನಿ.

ಸಂಘದ ಅನುಭವದಿಂದ ಸ್ಪಷ್ಟವಾಗಿ ಹೇಳುತ್ತೇವೆ: ಮೊದಲ ದಿನ, ಎಲ್ಲ ಸಾಮಾನಿನೊಂದಿಗೆ, ಮಕ್ಕಳೊಂದಿಗೆ ಇಳಿಯುವಾಗ ಟ್ಯಾಕ್ಸಿಯೇ ಸರಿ. ರೂಪಾಯಿಗೆ ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ನಾಲ್ಕು ರೈಲು ಟಿಕೆಟಿನ ಬೆಲೆ ಕಳೆದು ನೋಡಿದರೆ ಕೆಲವು ಊರುಗಳಲ್ಲಿ ಅಷ್ಟೇನೂ ಅಂತರ ಉಳಿಯುವುದಿಲ್ಲ. ಪ್ಯಾರಿಸ್ ಮತ್ತು ರೋಮಿನಲ್ಲಿ ವಿಮಾನ ನಿಲ್ದಾಣದಿಂದ ನಗರದ ಒಳಭಾಗಕ್ಕೆ ಅಧಿಕೃತ ಟ್ಯಾಕ್ಸಿಗಳ ದರ ಸರ್ಕಾರವೇ ನಿಗದಿ ಮಾಡಿದ್ದು, ಚೌಕಾಸಿಯ ಅಗತ್ಯವಿಲ್ಲ. ಸಾಲಿನಲ್ಲಿ ನಿಂತೇ ಹತ್ತಿ. ಒಳಗೆ ಬಂದು ಕರೆಯುವವರ ಹಿಂದೆ ಹೋಗಬೇಡಿ.

ಬಾಣಂತನಕ್ಕೆಂದು ಮಗಳ ಮನೆಗೆ ಒಬ್ಬರೇ ಹೊರಡುವ ತಾಯಂದಿರಿಗೆ: ವಿಮಾನದವರ ಗಾಲಿಕುರ್ಚಿ ಸೇವೆ ವಿಮಾನ ನಿಲ್ದಾಣಕ್ಕೇ ಮುಗಿಯುತ್ತದೆ. ಮಗಳು ಅಥವಾ ಅಳಿಯ ಬಾಗಿಲಿಗೆ ಬಂದು ನಿಂತಿದ್ದಾರೆಂದು ಖಚಿತವಾದ ಮೇಲೆಯೇ ಹೊರಗೆ ಬನ್ನಿ, ಅಲ್ಲಿಯವರೆಗೆ ಒಳಗೇ ಕುಳಿತಿರಿ.

ಕಳೆದುಹೋದರೆ

ಕಳ್ಳನ ಹಿಂದೆ ಓಡಬೇಡಿ, ಉಳಿದ ಸಾಮಾನು ಅನಾಥವಾಗುತ್ತದೆ. ಎಲ್ಲರೂ ಒಂದು ಗೋಡೆಯ ಬದಿಗೆ ಸರಿದು, ಮಕ್ಕಳನ್ನು ಎಣಿಸಿ, ಏನು ಹೋಯಿತೆಂದು ನೋಡಿ. ಮೊದಲು ಕಾರ್ಡ್ ನಿಲ್ಲಿಸಿ, ನಂತರ ಸಿಮ್. ಬ್ಯಾಂಕಿಗೆ ತಿಳಿಸಲು ತಡವಾದಷ್ಟೂ ನಷ್ಟದ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಯುಪಿಐ ಇದ್ದ ಫೋನ್ ಹೋಗಿದ್ದರೆ ಊರಿನಲ್ಲಿರುವವರಿಗೆ ಹೇಳಿ ಬ್ಯಾಂಕಿಗೆ ಕರೆ ಮಾಡಿಸಿ.

ತುರ್ತು ಸಂಖ್ಯೆ ನೆನಪಿಡುವುದು ಸುಲಭ: ನಮ್ಮಲ್ಲಿರುವ 112 ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಬ್ರಿಟನ್ನಿನಲ್ಲಿ 999, 112 ಎರಡೂ ನಡೆಯುತ್ತವೆ. ಅಲ್ಲಿನ ರೈಲು ಪೊಲೀಸರಿಗೆ 61016ಕ್ಕೆ ಸಂದೇಶ ಕಳುಹಿಸಬಹುದು. ಜೀವಕ್ಕೆ ಅಪಾಯವಿಲ್ಲದ ಕಳ್ಳತನಕ್ಕೆ ಹತ್ತಿರದ ಠಾಣೆಗೆ ಹೋಗಿ ದೂರು ಬರೆಸಿ, ಅದರ ಪ್ರತಿ ಪಡೆಯದೆ ಹೊರಬರಬೇಡಿ. ವಸ್ತು ಮರಳಿ ಸಿಗದಿದ್ದರೂ ವಿಮೆಗೂ ಹೊಸ ಪಾಸ್‌ಪೋರ್ಟಿಗೂ ಆ ಕಾಗದವೇ ಆಧಾರ. ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ) ಮಾಡಿಸುವ 30,000 ಯೂರೋ ವಿಮೆ ಚಿಕಿತ್ಸೆಗಾಗಿ ಇರುವಂಥದ್ದು. ಸಾಮಾನು, ಪಾಸ್‌ಪೋರ್ಟ್ ಕಳ್ಳತನವೂ ಅದರಲ್ಲಿ ಸೇರಿದೆಯೇ ಎಂದು ಕೊಳ್ಳುವಾಗಲೇ ಕೇಳಿ.

ಪಾಸ್‌ಪೋರ್ಟ್ ಹೋದರೆ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿಗೆ ಹೋಗಬೇಕು. ಕೂಡಲೇ ಊರಿಗೆ ಮರಳಬೇಕಾದವರಿಗೆ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದು ಭಾರತಕ್ಕೆ ಒಮ್ಮೆ ಬರಲು ಮಾತ್ರ. ಅಲ್ಲೇ ನೆಲೆಸಲು ಹೋದವರು ಅದನ್ನು ಕೇಳದೆ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕು. ಕಳೆದುಹೋದ ಪಾಸ್‌ಪೋರ್ಟಿನಲ್ಲಿ ವೀಸಾ ಇದ್ದರೆ ಆ ದೇಶದ ವಲಸೆ ಕಚೇರಿಗೂ ತಿಳಿಸಬೇಕು.

ಹೊರಡುವ ವಾರ ಮುಂಚೆ ವಿಮಾನದ ಸಂಖ್ಯೆ, ತಲುಪುವ ಸಮಯ, ಎಷ್ಟು ಜನ, ಎಷ್ಟು ಪೆಟ್ಟಿಗೆ ಎಂಬುದನ್ನು ನೀವು ಹೋಗುತ್ತಿರುವ ಊರಿನ ಸಂಘದ ಸದಸ್ಯರಿಗೆ ತಿಳಿಸಿ. ಸಾಧ್ಯವಾದಲ್ಲೆಲ್ಲ ಒಬ್ಬರು ವಿಮಾನ ನಿಲ್ದಾಣಕ್ಕೇ ಬಂದು ನಿಮ್ಮನ್ನು ಕರೆದೊಯ್ಯುತ್ತಾರೆ. ಬರಲಾಗದಿದ್ದರೆ ಯಾವ ಬಾಗಿಲಿನಿಂದ ಹೊರಬಂದು ಯಾವ ಗಾಡಿ ಹತ್ತಬೇಕೆಂದು ಮೊದಲೇ ಕನ್ನಡದಲ್ಲಿ ಬರೆದು ಕಳುಹಿಸುತ್ತಾರೆ.