ಇಟಲಿಯ ಪೆರೂಜಾಕ್ಕೆ ಬಂದ ಹೊಸ ಕನ್ನಡ ಕುಟುಂಬಗಳಿಗೆ ಮಾರ್ಗದರ್ಶಿ

ಮೊದಲ ವಾರ

- ದೀರ್ಘಾವಧಿ ವೀಸಾದವರು 8 ಕೆಲಸದ ದಿನಗಳೊಳಗೆ ಪೆರ್ಮೆಸ್ಸೊ ದಿ ಸೊಜ್ಜೊರ್ನೊಗೆ (ವಾಸದ ಪರವಾನಗಿ) ಅರ್ಜಿ ಹಾಕಬೇಕು. ಫಾರಂ ಅಂಚೆ ಕಚೇರಿಯಲ್ಲಿ ಸಿಗುತ್ತದೆ.
- ಅಲ್ಲಿ ಕೊಡುವ ರಸೀದಿ ಜೋಪಾನ.
- ಕೋದಿಚೆ ಫಿಸ್ಕಾಲೆ (ತೆರಿಗೆ ಸಂಖ್ಯೆ) ಮಾಡಿಸಿಕೊಳ್ಳಿ.

ಮನೆ

ನಕ್ಷೆ ನೋಡಿ ಮನೆ ಒಪ್ಪಿಕೊಳ್ಳಬೇಡಿ. ಫೊಂತಿವೆಜ್ಜೆ ರೈಲು ನಿಲ್ದಾಣ ಗುಡ್ಡದ ಕೆಳಗಿದೆ, ಹಳೇ ಊರು ಸುಮಾರು 490 ಮೀಟರ್ ಎತ್ತರದಲ್ಲಿದೆ. ದಿನಸಿ ಚೀಲ ಹಿಡಿದು ಒಮ್ಮೆ ಆ ದಾರಿ ಹತ್ತಿ ನೋಡಿ. ಕಲ್ಲಿನ ಮನೆಗಳು ಚೆಂದವೇ, ಆದರೆ ಎಷ್ಟೋ ಕಡೆ ಲಿಫ್ಟ್ ಇಲ್ಲ. ಬಾಡಿಗೆ ಒಪ್ಪಂದ ನೋಂದಣಿ ಆಗಲೇಬೇಕು. ಬಾಯಿಮಾತು ನಂಬಿ ಮುಂಗಡ ಕೊಟ್ಟು ನಮ್ಮವರು ಕಷ್ಟಪಟ್ಟಿದ್ದಾರೆ. ಹೀಟಿಂಗ್ ಖರ್ಚು ಯಾರದ್ದು ಅಂತ ಬರಹದಲ್ಲಿ ಪಡೆಯಿರಿ. ಮತ್ತೆ ಹೇಳುತ್ತೇವೆ, ಬರಹದಲ್ಲಿ.

ಓಡಾಟ

2008ರಲ್ಲಿ ಶುರುವಾದ ಮಿನಿಮೆಟ್ರೊ ಎಂಬ ಪುಟ್ಟ ರೈಲಿಗೆ ಚಾಲಕರಿಲ್ಲ. ಫೊಂತಿವೆಜ್ಜೆಯಿಂದ ಮೇಲೆ ಹಳೇ ಊರಿನ ಪಿಂಚೆತ್ತೊ ನಿಲ್ದಾಣದವರೆಗೆ ಕರೆದೊಯ್ಯುತ್ತದೆ. ಹಳೇ ಊರಿನೊಳಗೆ ಕಾರು ತರಬೇಡಿ. ಅನುಮತಿ ಇಲ್ಲದಿದ್ದರೆ ಕ್ಯಾಮೆರಾ ಹಿಡಿಯುತ್ತದೆ, ದಂಡ ಮನೆಗೇ ಬರುತ್ತದೆ.

ಊರಿನ ಕಥೆ

ಪಿಯಾತ್ಸಾ ಪಾರ್ತಿಜಾನಿ ಚೌಕದಿಂದ ಎಸ್ಕಲೇಟರ್ ಹತ್ತಿದರೆ ನೆಲದಡಿಯ ಬೀದಿಗಳ ನಡುವೆ ಹೋಗುತ್ತೀರಿ. ಹೊಸಬರು ಫೋನ್ ನೋಡುತ್ತಾ ಸುಮ್ನೆ ದಾಟಿಬಿಡುತ್ತಾರೆ. ದಯವಿಟ್ಟು ನಿಂತು ನೋಡಿ. 1540ರಲ್ಲಿ ಪೋಪ್ ಮೂರನೇ ಪೌಲ್ ಉಪ್ಪಿನ ತೆರಿಗೆ ಏರಿಸಿದರು. ಊರು ದಂಗೆ ಎದ್ದು ಸೋತಿತು. ಪೋಪ್ ಇಲ್ಲಿ ರೊಕ್ಕಾ ಪಾವೊಲಿನಾ ಕೋಟೆ ಕಟ್ಟಿಸಿದರು. ಊರಿನಲ್ಲಿ ಪ್ರಬಲವಾಗಿದ್ದ ಬಾಲ್ಯೊನಿ ಮನೆತನದ ಮನೆ, ಬೀದಿಗಳೇ ಅದರ ತಳಪಾಯವಾದವು. ಎತ್ರುಸ್ಕನ್ನರ (ರೋಮನ್ನರಿಗೂ ಮೊದಲು ಇಲ್ಲಿದ್ದವರು) ಕಾಲದ ಪೊರ್ತಾ ಮಾರ್ಜಿಯಾ ಬಾಗಿಲನ್ನು ಮಾತ್ರ ವಾಸ್ತುಶಿಲ್ಪಿ ಸಾಂಗಾಲ್ಲೊ ಕೋಟೆ ಗೋಡೆಯಲ್ಲಿ ಉಳಿಸಿಕೊಂಡರು. 1860ರಲ್ಲಿ ಪೋಪರ ಆಳ್ವಿಕೆ ಮುಗಿದ ಮೇಲೆ ಊರಿನವರು ಕೋಟೆಯ ಮೇಲ್ಭಾಗ ಕೆಡವಿದರು. ಕೆಳಗೆ ಹೂತಿದ್ದ ಬೀದಿಗಳಲ್ಲೇ ಈಗ ನಾವು ನಡೆಯುವುದು.

ಇಲ್ಲಿನ ಬ್ರೆಡ್‌ಗೆ ಉಪ್ಪಿಲ್ಲ. ಆ ತೆರಿಗೆಯ ಮೇಲಿನ ಸಿಟ್ಟಿಗೇ ಬಿಟ್ಟದ್ದು ಅಂತ ಊರಿನವರು ಹೇಳುತ್ತಾರೆ. ಇತಿಹಾಸಕಾರರು ಎಲ್ಲರೂ ಒಪ್ಪುವುದಿಲ್ಲ, ಆದರೆ ಅಂಗಡಿಯಲ್ಲಿ ಸಪ್ಪೆ ಅಂತ ಮುಖ ಸಿಂಡರಿಸಬೇಡಿ. ಮಕ್ಕಳಿಗೆ ತೊರ್ತಾ ಅಲ್ ತೆಸ್ತೊ ಕೊಡಿಸಿ. ಹೆಂಚಿನ ಮೇಲೆ ಬೇಯಿಸಿದ ದಪ್ಪ ರೊಟ್ಟಿ, ನಮ್ಮವರಿಗೆ ಬೇಗ ಒಗ್ಗುತ್ತದೆ.

1278ರ ಫೊಂತಾನಾ ಮಜ್ಜೊರೆ ಕಾರಂಜಿಯನ್ನು ನಿಧಾನವಾಗಿ ಸುತ್ತಿ. ಕೆಳಗಿನ ತೊಟ್ಟಿಯ ಸುತ್ತ ಹನ್ನೆರಡು ತಿಂಗಳ ಕೆಲಸಗಳ ಕೆತ್ತನೆ ಇದೆ. ಅದಕ್ಕೆ ನೀರು ತಂದ ಹಳೇ ಕಾಲುವೆ ಈಗ ನಡೆದಾಡುವ ದಾರಿ.

ಜನ

ಮೊದಲ ನೋಟಕ್ಕೆ ಬಿಗಿ. ಗುಡ್ಡದ ಮೇಲೆ ಗೋಡೆ ಕಟ್ಟಿಕೊಂಡು ಶತಮಾನಗಟ್ಟಲೆ ಬಾಳಿದವರು, ಬೇಗ ಮಾತಿಗೆ ಸಿಗುವುದಿಲ್ಲ. ಆದರೆ 1308ರಿಂದ ವಿಶ್ವವಿದ್ಯಾಲಯ ಇರುವ ಊರು, ಹೊರಗಿನವರು ಇವರಿಗೆ ಹೊಸಬರಲ್ಲ. ವಿದೇಶಿಯರಿಗೆ ಇಟಾಲಿಯನ್ ಕಲಿಸಲೆಂದೇ ಇಲ್ಲಿ ಇನ್ನೊಂದು ವಿಶ್ವವಿದ್ಯಾಲಯವಿದೆ. ಅಲ್ಲಿ ಸೇರಿ, ಮನೆಯವರನ್ನೂ ಸೇರಿಸಿ. ಗಂಡ ಕೆಲಸಕ್ಕೆ ಹೋಗಿ ಹೆಂಡತಿ ಭಾಷೆ ಬರದೆ ಮನೆಯಲ್ಲೇ ಕೂರುವುದು ಇನ್ನು ಸಾಕು. ಅಂಗಡಿಗೆ ಕಾಲಿಟ್ಟ ಕೂಡಲೇ ಬೊನ್‌ಜೊರ್ನೊ (ನಮಸ್ಕಾರ) ಹೇಳಿ. ಸಂಜೆ ಹಳೇ ಊರಿನ ಮುಖ್ಯ ಬೀದಿ ಕೊರ್ಸೊ ವನ್ನೂಚ್ಚಿಯಲ್ಲಿ ಎಲ್ಲರೂ ಅಡ್ಡಾಡುತ್ತಾರೆ, ನೀವೂ ಹೋಗಿ. ರಾತ್ರಿ ಕಲ್ಲಿನ ಓಣಿಯಲ್ಲಿ ಜೋರಾಗಿ ಫೋನ್ ಮಾತು ಬೇಡ.

ಬಳಗ

ನವೆಂಬರ್ 1 ಇಲ್ಲಿ ಸಂತರ ಹಬ್ಬದ ಸಾರ್ವಜನಿಕ ರಜೆ. ಹಾಗಾಗಿ ನಮ್ಮ ಬಳಗದ ರಾಜ್ಯೋತ್ಸವಕ್ಕೆ ಆಫೀಸ್ ನೆಪ ನಡೆಯುವುದಿಲ್ಲ. ಮಕ್ಕಳನ್ನು ಕರೆತನ್ನಿ, ಮನೆಯಿಂದ ಒಂದು ಅಡುಗೆ ಮಾಡಿ ತನ್ನಿ, ಮುಗಿದ ಮೇಲೆ ಪಾತ್ರೆ ತೊಳೆಯಲು ನಿಲ್ಲಿ.