ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಸೈಕಲ್ ಮೇಲೆ ಬಳ್ಳಾರಿಯಿಂದ ಮಸ್ಕಿಗೆ

ಫ್ಯಾಮಿಲಿ ಜೊತೆ ಸೈಕಲ್ ಮೇಲೆ ದೂರ ಹೋಗೋದು ಹೆಂಗೆ ಅಂತ ತುಂಬಾ ಜನ ಕೇಳಿದ್ರು, ಅದಕ್ಕೆ ನಾವು ಮಾಡಿದ್ದನ್ನ ಬರೀತಿದೀನಿ. ರೂಟು ಬಳ್ಳಾರಿ, ಕುರುಗೋಡು, ಕಂಪ್ಲಿ, ಗಂಗಾವತಿ, ಕನಕಗಿರಿ, ತಾವರಗೇರಾ, ಮಸ್ಕಿ. ಡಿಸೆಂಬರ್ ಕೊನೆಗೆ ಹೊರಟ್ವಿ, ಯಾಕಂದ್ರೆ ನಮ್ಮ ಕಡೆ ಸೈಕಲ್ ತುಳಿಯೋಕೆ ಲಾಯಕ್ಕಾದ ಬಿಸಿಲು ಅಂದ್ರೆ ಅದೊಂದೇ ಟೈಮು.

ಸೈಕಲ್ ಹೊಸಾದು ಏನೂ ಕೊಳ್ಳಲಿಲ್ಲ. ನಂದು ಹಳೇ ಡಬಲ್ ಬಾರ್, ಹಿಂದಿನ ಕ್ಯಾರಿಯರ್‌ಗೆ ದಿಂಬು ಕಟ್ಟಿ ಸಣ್ಣ ಮಗಳನ್ನ ಕೂರಿಸ್ಕೊಂಡೆ. ಹೆಂಡ್ತಿದು ನಮ್ಮಣ್ಣನ ಮಗಳಿಗೆ ಎಂಟನೇ ಕ್ಲಾಸಲ್ಲಿ ಸರ್ಕಾರದಿಂದ ಕೊಟ್ಟಿದ್ದ ಸೈಕಲ್. ಮಗಂದು ಸಾದಾ ಸೈಕಲ್, ಗೇರ್ ಇಲ್ಲ. ಗೇರ್ ಸೈಕಲ್ ಬಾಡಿಗೆಗೆ ತಗೋ ಅಂದವರು ಬಹಳ ಮಂದಿ, ಆದ್ರೆ ಅದರ ಟ್ಯೂಬು ಹಳ್ಳಿ ಅಂಗಡೀಲಿ ಸಿಗೋದು ಕಷ್ಟ, ಆ ಸರ್ಕಾರಿ ಸೈಕಲ್ಲಿನ ಸಾಮಾನು ಮಾತ್ರ ಎಲ್ಲಾ ಊರಲ್ಲೂ ಸಿಗುತ್ತೆ, ಯಾಕಂದ್ರೆ ಊರಿಗೆ ಹತ್ತಾರು ಅದೇ ಸೈಕಲ್ ಓಡಾಡಿವೆ.

ಕಂಪ್ಲಿವರೆಗೆ 50 ಕಿ.ಮೀ. ಹತ್ರ, ಏನೂ ತೊಂದ್ರೆ ಆಗ್ಲಿಲ್ಲ. ಕುರುಗೋಡಲ್ಲಿ ದೊಡ್ಡಬಸವೇಶ್ವರನಿಗೆ ಕೈ ಮುಗಿದು ಒಗ್ಗರಣಿ ಮಿರ್ಚಿ ತಿಂದು ಹೊರಟ್ವಿ. ತುಂಗಭದ್ರಾ ಡ್ಯಾಮಿಂದ ನೀರು ಜಾಸ್ತಿ ಬಿಟ್ರೆ ಕಂಪ್ಲಿ ಬ್ರಿಜ್ಜು ಮುಳುಗುತ್ತೆ, ಹಂಗಾಗಿ ಮಳೆಗಾಲದಲ್ಲಿ ಈ ದಾರಿ ನಂಬ್ಕೋಬೇಡಿ. ಹೊಳೆ ದಾಟಿದ ಮೇಲೆ ಗಂಗಾವತಿ ಕಡೆ ರೋಡಿಗೇ ಭತ್ತ ಒಣಹಾಕಿರ್ತಾರೆ, ಅರ್ಧ ರೋಡು ಅವರದ್ದು, ಉಳಿದ ಅರ್ಧದಲ್ಲಿ ಲಾರೀನೂ ನಾವೂ. ಅಲ್ಲಿ ಮಕ್ಕಳನ್ನ ಇಳಿಸಿ ಸೈಕಲ್ ತಳ್ಕೊಂಡು ಹೋಗೋದೇ ವಾಸಿ.

ಪಂಕ್ಚರ್ ಬಗ್ಗೆ ಹೇಳ್ಲೇಬೇಕು. ನಮ್ಮ ಊರಿನ ಹೆಸರು ಹೊತ್ಕೊಂಡಿರೋ ಆ ಬಳ್ಳಾರಿ ಜಾಲಿ ರೋಡಿನ ಎರಡೂ ಕಡೆ ಇರುತ್ತೆ, ನೆರಳಿದೆ ಅಂತ ಅದರ ಕೆಳಗೆ ಸೈಕಲ್ ನಿಲ್ಲಿಸಿದ್ರೆ ಮುಗೀತು. ಕನಕಗಿರಿಗೆ ಮುಂಚೆ ಮಗನ ಹಿಂದಿನ ಗಾಲಿ ಕೂತ್ಕೊಂತು. ಪಂಕ್ಚರ್ ಅಂಗಡಿ ಚಾಚಾ ಟ್ಯೂಬನ್ನ ಬುಟ್ಟಿ ನೀರಲ್ಲಿ ಅದ್ದಿ ಗುಳ್ಳೆ ನೋಡಿ ತೂತು ಮುಚ್ಚಿದ್ರು, ಆದ್ರೆ ಟೈರ್ ಹಾಕೋಕೆ ಮುಂಚೆ ಒಳಗೆಲ್ಲಾ ಬೆರಳಾಡಿಸ್ತಾನೇ ಇದ್ರು, ಕೊನೆಗೆ ಇನ್ನೊಂದು ಮುಳ್ಳಿನ ತುದಿ ಉಗುರಲ್ಲಿ ಕಿತ್ತು ಮಗನ ಅಂಗೈಗೆ ಇಟ್ಟು "ಇದನ್ನ ಬಿಟ್ಟಿದ್ರೆ ಮುಂದಿನ ಊರಾಗ ಮತ್ತ ಕೂಡ್ತಿದ್ದಿ ನೋಡಪ್ಪಾ" ಅಂದ್ರು. ದುಡ್ಡು ಕೊಟ್ರೆ ತಗೊಳ್ಲಿಲ್ಲ. "ಸಣ್ಣ ಹುಡುಗ ಬಳ್ಳಾರಿಯಿಂದ ತುಳ್ಕೊಂತ ಬಂದಾನ, ಅವನ್ಹತ್ರ ಏನ್ ತಗೊಳ್ಳೋದ್ರಿ." ಜಬರದಸ್ತಿ ಮಾಡಿದ್ರೆ ಇಂಥವರಿಗೆ ಬೇಜಾರಾಗುತ್ತೆ. ನಾವು ಅವರ ಹತ್ರಾನೇ ಒಂದು ಟ್ಯೂಬು, ಸೊಲ್ಯೂಷನ್ ಖರೀದಿ ಮಾಡಿದ್ವಿ, ವ್ಯಾಪಾರ ಅಂದ್ರೆ ಬೇಡ ಅನ್ನಲ್ಲ.

ಇನ್ನೊಂದು, ನೀರು ಬೇಕಾದ್ರೂ ಮಲಗೋಕೆ ಜಾಗ ಬೇಕಾದ್ರೂ ನಾನು ಕೇಳೋದಕ್ಕೂ ನನ್ ಹೆಂಡ್ತಿ ಕೇಳೋದಕ್ಕೂ ಬಹಳ ಫರಕ್ಕು. ನಾನು ಕೇಳಿದ್ರೆ ಮೊದ್ಲು ಯಾವ ಊರು ಯಾರ ಪೈಕಿ ಅಂತ ವಿಚಾರಣೆ. ಅವಳು ಕಟ್ಟೆ ಮೇಲೆ ಕೂತ ಅಜ್ಜಿನ "ಯವ್ವಾ, ಹುಡುಗ್ರು ಅದಾವ, ರಾತ್ರಿ ಎಲ್ಲಿ ಇರಬಹುದು" ಅಂತ ಕೇಳಿದ್ಲು, ಆ ಅಜ್ಜಿ ಕೋಲು ಹಿಡ್ಕೊಂಡು ತಾನೇ ಎದ್ದು ಮಠದವರೆಗೂ ಬಂದು ನಮ್ಮನ್ನ ಒಪ್ಪಿಸಿ ಹೋದ್ಲು. ಮಠದಲ್ಲಿ ಪ್ರಸಾದ ಆಯ್ತು, ರೂಮು ಕೊಟ್ರು. ಆಧಾರ್ ಜೆರಾಕ್ಸ್ ಇಟ್ಕೊಂಡಿರಿ, ಕೇಳ್ತಾರೆ, ಕೇಳೋದು ಸರೀನೇ.

ಕನಕಗಿರಿಯಲ್ಲಿ ಅರ್ಧ ದಿನ ಇಟ್ಕೊಳ್ಳಿ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತಾರಲ್ಲ, ಕನಕಾಚಲಪತಿ ಗುಡಿ ಕಂಬ ನೋಡ್ತಾ ಮಗಳು ಏಳ್ಲೇ ಇಲ್ಲ.

ತಾವರಗೇರಾ ದಾಟಿದ ಮೇಲೆ ಎರೆ ಹೊಲ, ಜೋಳ, ಕಡಲೆ, ಮೂಡಗಾಳಿ ಮುಖಕ್ಕೇ ಹೊಡೀತಿತ್ತು. ಅವತ್ತು ಎಳ್ಳ ಅಮಾಸೆ. ಬಂಡಿ, ಟ್ರ್ಯಾಕ್ಟರ್ ಕಟ್ಕೊಂಡು ಮನೆಮಂದಿಯೆಲ್ಲಾ ಹೊಲಕ್ಕೆ ಬಂದು ಭೂಮ್ತಾಯಿಗೆ ಎಡೆ ಅಂತ ಚರಗ ಚೆಲ್ಲಿ ಊಟಕ್ಕೆ ಕೂತಿದ್ರು, ನಮ್ಮನ್ನ ನೋಡಿದ್ದೇ "ಬರ್ರೀ ಅಣ್ಣಾರ, ಉಂಡು ಹೋಗ್ರಿ" ಅಂತ ಬದುವಿನ ಮೇಲಿಂದ ಕೂಗು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಎದ್ದು ಹೊರಟು ಸ್ವಲ್ಪ ಮುಂದೆ ಹೋದ್ರೆ ಇನ್ನೊಂದು ಹೊಲದವರು. ಬೇಡ ಅನ್ನೋಕೆ ಬಾಯೇ ಬರಲ್ಲ, ಒಂದು ಹೋಳಿಗೆ ಆದ್ರೂ ತಗೋಬೇಕು. ಅದಕ್ಕೇ ದಿನಕ್ಕೆ 50 ಕಿ.ಮೀ. ಹೋಗ್ತೀವಿ ಅಂತ ಲೆಕ್ಕ ಹಾಕಿದ್ರೆ 30 ಅಂತಲೇ ಬರ್ಕೊಳ್ಳಿ, ಉಳಿದ ಟೈಮು ಜನರಿಗೆ ಹೋಗುತ್ತೆ. ಆ ಟೈಮು ಇಲ್ಲದವರು ಬಸ್ಸಿಗೆ ಹೋಗೋದು ಒಳ್ಳೇದು.

ಮಸ್ಕಿಯಲ್ಲಿ ಅಶೋಕನ ಶಾಸನ ತೋರಿಸಿದ್ವಿ. 1915ರಲ್ಲಿ ಸಿಕ್ಕಿದ್ದು, ಬೇರೆ ಶಾಸನಗಳಲ್ಲಿ ಬರೋ ದೇವಾನಾಂಪ್ರಿಯ ಅನ್ನೋ ರಾಜ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ್ದು ಈ ಬಂಡೆ. ಪಾಠದಲ್ಲಿ ಓದಿದ್ದ ಮಗ "ಇಷ್ಟೇನಾ" ಅಂದ, ಆಮೇಲೆ ಅವನೇ ಬಹಳ ಹೊತ್ತು ನೋಡ್ತಾ ನಿಂತ.

ವಾಪಸ್ ತುಳಿಯೋಕೆ ಯಾರಿಗೂ ಮನಸ್ಸಿರಲಿಲ್ಲ. ಸಿಂಧನೂರು, ಸಿರುಗುಪ್ಪ ಮೇಲೆ ಬಳ್ಳಾರಿಗೆ ಖಾಲಿ ಹೊಂಟಿದ್ದ ಒಂದು ಟಾಟಾ ಏಸ್ ಸಿಕ್ತು, ಸೈಕಲ್ ಏರಿಸಿದ್ವಿ. ಆ ಡ್ರೈವರ್ ತಮ್ಮ ಬಾಡಿಗೆ ಒಂದು ರೂಪಾಯಿನೂ ಬಿಡಲಿಲ್ಲ, ನಾವೂ ಚೌಕಾಸಿ ಮಾಡಲಿಲ್ಲ.